ತೆರೆಯೇರುವ ಆಟವೂ ಮೈಗಾಗುವ ಗಾಯಗಳೂ

ಯಾದಗಿರಿ, ಶಹಾಪುರ, ಸುರಪುರಗಳ ನಮಗೆ ನೀರೆಂದರೆ ಭೀಮೆ, ಕೃಷ್ಣೆ, ಹೊಲದ ಭಾವಿ. ಸಮುದ್ರವು ಬಹುದೂರ. ಆದರೂ ರಜೆಯಲ್ಲಿ ಕರಾವಳಿಗೆ ಹೋದ ತರುಣರು ಹಲಗೆಯ ಮೇಲೆ ನಿಂತು ತೆರೆಯೇರುವ ಆಟಕ್ಕೆ ಆಸೆಪಡುವುದುಂಟು. ಮೂಲ್ಕಿಯಲ್ಲಿ ಈ ಆಟದ ಸಂಘವು 2004ರಲ್ಲಿ ಸ್ಥಾಪಿತವಾಯಿತು. ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಪಂದ್ಯವೇ ನಡೆಯಿತು. ಇದನ್ನು ತರಂಗಾರೋಹಣವೆಂದು ಕರೆದರೆ ನನ್ನ ಹಳೆಯ ಶಿಷ್ಯರು ನಗುವರು. ಆದುದರಿಂದ ಸರ್ಫಿಂಗ್ ಎಂದೇ ಬರೆಯುತ್ತೇನೆ.

ಹೆತ್ತವರು ಶಾರ್ಕ್ ಮೀನನ್ನು ನೆನೆದು ಹೆದರುವರು. ಆದರೆ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆಡುವವನ ಸ್ವಂತ ಹಲಗೆಯಿಂದಲೇ ಆಗತಕ್ಕವು. ಹಲಗೆಯನ್ನು ಹಿಗ್ಗುವ ಹಗ್ಗದಿಂದ ಕಾಲಿಗೆ ಬಿಗಿದಿರುತ್ತಾರೆ. ಸವಾರನು ಬಿದ್ದೊಡನೆ ತೆರೆಯು ಅದನ್ನು ಎಳೆದೊಯ್ಯುತ್ತದೆ. ಹಗ್ಗವು ಮರಳಿ ಕುಗ್ಗುವಾಗ ಹಲಗೆಯು ಅವನ ಕಡೆಗೇ ಹಾರಿಬರುತ್ತದೆ. ಸರಿಯಾಗಿ ಆಗಲೇ ಆತನು ಉಸಿರಿಗಾಗಿ ತಲೆಯೆತ್ತಿರುತ್ತಾನೆ! ಹಣೆ, ತುಟಿ, ಕಣ್ಣುಗಳಿಗೆ ಪೆಟ್ಟು ಬೀಳುವುದು ಹೀಗೆ. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಗಟ್ಟಿ ತುಂಡುಗಳಿದ್ದು, ಅವು ಕಾಲನ್ನು ಕೊಯ್ಯುತ್ತವೆ. ಮುಳುಗಿದವನು ಎರಡೂ ತೋಳುಗಳಿಂದ ತಲೆಯನ್ನು ಮುಚ್ಚಿಕೊಂಡೇ ಮೇಲೇಳತಕ್ಕದ್ದು.

ನಮ್ಮ ಕಡೆಯ ಹುಡುಗರ ವಿಷಯದಲ್ಲಿ ನನಗಿರುವ ಭಯವು ಬೇರೆ. ಭಾವಿಯಲ್ಲಿ ಈಸು ಕಲಿತವನಿಗೆ ತಲೆಕೆಳಗಾಗಿ ಜಿಗಿಯುವುದೇ ಶೌರ್ಯ. ತುಂಬಿದ ಭಾವಿಯು ಆಳವಾಗಿರುತ್ತದೆ. ತೆರೆಯೊಡೆಯುವ ಸ್ಥಳದಲ್ಲಾದರೋ ನೀರು ಸೊಂಟದಷ್ಟೇ ಇದ್ದು ಅಡಿಯಲ್ಲಿ ಮರಳ ದಿಣ್ಣೆಯಿರಬಹುದು. ಮರಳು ಮೆತ್ತಗೆಂಬುದು ಭ್ರಾಂತಿ. ತಲೆಯು ಅದಕ್ಕೆ ತಾಗಿ ನಿಂತಾಗ ಮೈಭಾರವೆಲ್ಲ ಕುತ್ತಿಗೆಯ ಮೇಲೆ ಬಿದ್ದು ಎಲುಬು ಮುರಿಯಬಹುದು. ಒಳಗಿನ ಬೆನ್ನುಹುರಿಯು ಜಜ್ಜಿದರೆ ಕೈಕಾಲುಗಳು ಬಿದ್ದುಹೋಗುತ್ತವೆ. ನೀರಿಳಿದ ಕೃಷ್ಣೆಗೆ ಬಂಡೆಯ ಮೇಲಿಂದ ಜಿಗಿಯುವವರಿಗೂ ಇದೇ ಗತಿ. ತೆರೆಯಿಂದ ಜಾರಿದವನು ಮೈಚಾಚಿ ಅಗಲವಾಗಿ, ಹಲಗೆಯಿಂದ ದೂರ ಬೀಳಬೇಕು. ಬಿದ್ದವನು ಕುತ್ತಿಗೆ ನೋವೆಂದರೆ, ಕೈಕಾಲು ಜೋಮೆಂದರೆ, ಅವನನ್ನು ಕೈಹಿಡಿದು ಎಳೆಯಬಾರದು. ಮುಖವನ್ನು ನೀರಿನ ಮೇಲಿಟ್ಟು, ತಲೆ ಬೆನ್ನುಗಳನ್ನು ಒಂದೇ ನೇರದಲ್ಲಿ ಹಿಡಿದು, ಹಲಗೆಯ ಮೇಲೆ ಮಲಗಿಸಿ ತರಬೇಕು. ತಿಕ್ಕಿ ತಿರುವಿ ನೆಟಿಗೆ ತೆಗೆಯುವವರ ಬಳಿಗೆ ಒಯ್ಯುವುದಂತೂ ಪ್ರಾಣಕ್ಕೇ ಸಂಚಕಾರ.

ಬೀಳದೆಯೂ ಆಗುವ ವಿರಳವಾದ ಕೇಡೊಂದುಂಟು. ಅದು ಬಹುಮಟ್ಟಿಗೆ ಹೊಸಬರಿಗೇ ಆಗತಕ್ಕದ್ದು. ಹಲಗೆಯ ಮೇಲೆ ಬೋರಲು ಮಲಗಿ, ಭುಜಂಗಾಸನದಲ್ಲಿದ್ದಂತೆ ಎದೆಯೆತ್ತಿ ಬಹಳ ಹೊತ್ತು ತೆರೆಗಾಗಿ ಕಾಯುವಾಗ ಬೆನ್ನುಹುರಿಗೆ ರಕ್ತವು ಕುಂದುತ್ತದೆ. ಮೊದಲು ನಡುನೋವು, ಬಳಿಕ ಕಾಲುಗಳಲ್ಲಿ ಬಲಹೀನತೆ, ಮೂತ್ರಬಂಧ. ಇದನ್ನು ದಣಿವೆಂದು ತಿಳಿದು ಎಣ್ಣೆ ತಿಕ್ಕುತ್ತ ಕೂಡದೆ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು.