ಮೂರು ದೇಶಗಳಿಗೆ ಒಂದೇ ಹಳಿ

ಟ್ಯಾಲಿನ್‌ನಿಂದ ರಿಗಾ, ಕೌನಾಸ್ ದಾಟಿ ಪೋಲೆಂಡಿನ ಗಡಿ ಮುಟ್ಟಲಿರುವ 870 ಕಿಲೋಮೀಟರ್ ಉದ್ದದ ರೈಲುಮಾರ್ಗ ‘ರೈಲ್ ಬಾಲ್ಟಿಕಾ’ ಇಂದಿನ ಯುರೋಪ್ ಕೈಹಾಕಿರುವ ದಿಟ್ಟ ಯೋಜನೆಗಳಲ್ಲೊಂದು. ದುಬಾರಿಯೆಂದು ಅದನ್ನು ಅರ್ಧಕ್ಕೆ ಬಿಡುವಂತಿಲ್ಲ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದವು. ಆದರೆ ಅಲ್ಲಿನ ಹಳಿಗಳು ಬಹುಪಾಲು ಇಂದಿಗೂ ರಷ್ಯಾದ 1520 ಮಿಲಿಮೀಟರ್ ಅಳತೆಯವು (ಗೇಜ್); ಪೋಲೆಂಡ್, ಜರ್ಮನಿಯವು 1435. ಅಂತರ ಬರೀ 85 ಮಿಲಿಮೀಟರ್. ಅಷ್ಟಕ್ಕೇ ಗಡಿಯಲ್ಲಿ ಸರಕು ಇಳಿಸಿ ಬೇರೆ ವ್ಯಾಗನ್‌ಗೆ ತುಂಬಬೇಕು, ಇಲ್ಲವೇ ಗಾಲಿಗಳನ್ನೇ ಬದಲಿಸಬೇಕು. 1435ರ ಅಳತೆಯಲ್ಲೇ ಬರಲಿರುವ ರೈಲ್ ಬಾಲ್ಟಿಕಾ ಈ ತೊಡಕನ್ನು ನೀಗಿಸಲಿದೆ. 2022ರಲ್ಲಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿ, ಉಕ್ರೇನ್ ತನ್ನ ಧಾನ್ಯವನ್ನು ರೈಲಿನಲ್ಲಿ ಹೊರಗೆ ಕಳಿಸಹೊರಟಾಗ ಇದೇ ಅಳತೆಯ ತೊಡಕು ಎದುರಾಯಿತು. ಗಡಿ ನಿಲ್ದಾಣಗಳಲ್ಲಿ ವ್ಯಾಗನ್‌ಗಳು ಸಾಲುಗಟ್ಟಿದವು. ರೈಲ್ ಬಾಲ್ಟಿಕಾದ ವೆಚ್ಚ ಏರಿದ್ದು ನಿಜ: 2017ರ ಅಂದಾಜು 580 ಕೋಟಿ ಯೂರೋ, 2024ರ ಹೊತ್ತಿಗೆ ಸುಮಾರು 2,400 ಕೋಟಿ. ಈ ಏರಿಕೆಗೆ ಲೆಕ್ಕ ಕೇಳಲೇಬೇಕು. ಆದರೆ ಇಂಥ ಹೊರೆ ಮೂರು ಪುಟ್ಟ ದೇಶಗಳ ಖಜಾನೆಗೆ ಮೀರಿದ್ದು. ಅರ್ಹ ಕಾಮಗಾರಿಗಳಿಗೆ ಶೇ 85ರವರೆಗೂ ಹಣ ಕೊಡುತ್ತ ಬಂದಿರುವ ಒಕ್ಕೂಟ ಮುಂದಿನ ಬಜೆಟ್ಟಿನಲ್ಲೂ ಆ ಪಾಲನ್ನು ಇಳಿಸಬಾರದು. ಗಡಿ ದಾಟುವ ಸಂಪರ್ಕ ಎಷ್ಟು ಬದಲಾವಣೆ ತರಬಲ್ಲದೆಂಬುದಕ್ಕೆ ನಿದರ್ಶನವಿದೆ: ಸ್ವೀಡನ್, ಡೆನ್ಮಾರ್ಕ್ 2000ದಲ್ಲಿ ಓರೆಸುಂಡ್ ಸೇತುವೆ ತೆರೆದ ಮೇಲೆ ಮಾಲ್ಮೋದಲ್ಲಿ ಮನೆ, ಕೋಪನ್‌ಹೇಗನ್‌ನಲ್ಲಿ ನೌಕರಿ ಎಂಬುದು ಸಾವಿರಾರು ಜನರ ದಿನಚರಿಯಾಯಿತು. 2025ರ ಫೆಬ್ರುವರಿಯಲ್ಲಿ ರಷ್ಯಾದ ವಿದ್ಯುತ್ ಜಾಲದಿಂದ ಕಳಚಿಕೊಂಡು ಯುರೋಪಿನ ಜಾಲಕ್ಕೆ ಸೇರಿದ ಈ ಮೂರೂ ಬಾಲ್ಟಿಕ್ ದೇಶಗಳು ಒಟ್ಟಾಗಿ ದೊಡ್ಡ ಕೆಲಸ ಮುಗಿಸಬಲ್ಲೆವೆಂದು ತೋರಿಸಿಕೊಟ್ಟಿವೆ. 2030ರ ಗಡುವಿಗೆ ಮೊದಲ ಹಂತ ಮುಗಿಸಲು ಬೇಕಿರುವ ಹಣವನ್ನು ಬ್ರಸೆಲ್ಸ್ ಈಗಲೇ ಖಚಿತಪಡಿಸಬೇಕು.