ಕಾಲುಚೀಲ ಮಾರಾಟಕ್ಕಿಲ್ಲ

ನಾನು ಕ್ರೋಶಾ ಮಾಡ್ತೀನಿ ಅಂತ ಗೊತ್ತಾದವರು ಕೇಳೋದು ಎರಡೇ ಪ್ರಶ್ನೆ. ಮೊದಲನೇದು, "ಗಂಡಸಾಗಿ ಇದನ್ನೆಲ್ಲಾ ಎಲ್ಲಿ ಕಲಿತ್ರಿ?" ಅದಕ್ಕೆ ಉತ್ತರ ಸುಲಭ. ಜಿನನಾಥಪುರದಲ್ಲಿ ಸಂಜೆ ಕರೆಂಟ್ ಹೋದಾಗ ದೊಡ್ಡಮ್ಮನ ಪಕ್ಕ ಜಗಲಿ ಮೇಲೆ ಕೂತು ಕಲಿತೆ. ಎರಡನೇದು, "ಎಷ್ಟಕ್ಕೆ ಮಾರ್ತೀರಾ?"

ಮಾರೋದಿಲ್ಲ. ಹಾಗಂದ ತಕ್ಷಣ ಎದುರಿಗಿದ್ದವರ ಮುಖದಲ್ಲಿ ಒಂದು ಕನಿಕರ ಬರುತ್ತೆ. ಇಷ್ಟು ಚೆನ್ನಾಗಿ ಬರುತ್ತೆ, ಒಂದು ಪೇಜ್ ಮಾಡಬಾರದಾ, ದಾರದ ದುಡ್ಡಾದ್ರೂ ಹುಟ್ಟುತ್ತಲ್ಲಾ ಅಂತಾರೆ. ಈ 'ದಾರದ ದುಡ್ಡಾದ್ರೂ' ಅನ್ನೋ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಲೆಕ್ಕ. ಟೈಮ್‌ಶೀಟ್ ತುಂಬಿ ತುಂಬಿ ಬಂದ ಚಟ, ಹೆಣಿಗೆಗೂ ಗಂಟೆ ಬರೆದಿಡ್ತೀನಿ. ದೊಡ್ಡವರ ಒಂದು ಜೊತೆ ಕಾಲುಚೀಲಕ್ಕೆ ನೂರು ಗ್ರಾಂ ಸಣ್ಣ ದಾರ ಬೇಕು, ಬಿಚ್ಚಿ ಹರಡಿದ್ರೆ ಸುಮಾರು ನಾನೂರು ಮೀಟರ್. ಉಣ್ಣೆಗೆ ಸ್ವಲ್ಪ ನೈಲಾನ್ ಸೇರಿಸಿ ನೂತದ್ದಾದ್ರೆ ಒಳ್ಳೇದು, ಹಿಮ್ಮಡಿ ಬೇಗ ತೂತು ಬೀಳಲ್ಲ. ಅಂಥ ಉಂಡೆ ನನಗೆ ಬಿದ್ದದ್ದು 1,100 ರೂಪಾಯಿ. ಹೆಬ್ಬೆರಳಿಂದ ಶುರು ಮಾಡಿ ಮೇಲಕ್ಕೆ ಹೆಣೀತೀನಿ. ಯಶವಂತಪುರದಲ್ಲಿ ರೈಲು ಹತ್ತಿದ್ರೆ ಕುಣಿಗಲ್ ದಾಟೋ ಹೊತ್ತಿಗೆ ಪಾದದ ಅರ್ಧ ಆಗಿರುತ್ತೆ, ಶ್ರವಣಬೆಳಗೊಳ ಸ್ಟೇಷನ್ನಿಗೆ ಇಳಿಯೋ ಹೊತ್ತಿಗೆ ಹಿಮ್ಮಡಿಯ ತಿರುವು ಬಂದಿದ್ರೆ ಪುಣ್ಯ. (2017ರಲ್ಲಿ ಆ ಲೈನ್ ಓಪನ್ ಆಗದೇ ಇದ್ದಿದ್ರೆ ನನ್ನ ಅರ್ಧ ಕಾಲುಚೀಲಗಳು ಹುಟ್ಟುತ್ತಲೇ ಇರಲಿಲ್ಲ, ಬಸ್ಸಲ್ಲಿ ಸೂಜಿ ಹಿಡಿಯೋಕಾಗಲ್ಲ.) ಎರಡೂ ಕಾಲಿಗೆ ಸೇರಿ 18 ಗಂಟೆ. ಗಂಟೆಗೆ ನೂರು ರೂಪಾಯಿ ಇಟ್ಕೊಳ್ಳೋಣ. ಗಾರೆ ಕೆಲಸಕ್ಕೆ ಬರೋರು ನಮ್ಮ ಕಡೆ ಎಂಟು ಗಂಟೆಗೆ ಎಂಟುನೂರು ಕೇಳ್ತಾರೆ, ಅದಕ್ಕಿಂತ ಜಾಸ್ತಿ ಏನೂ ಹಾಕಿಲ್ಲ. ಅಲ್ಲಿಗೆ 1,800, ದಾರ ಸೇರಿ 2,900 ರೂಪಾಯಿ. ಒಂದು ಜೊತೆ ಕಾಲುಚೀಲಕ್ಕೆ.

ಕೊಳ್ಳೋರು ಯಾರೂ ಇಲ್ಲ, ಗೊತ್ತು. ಅದಕ್ಕೇ ಪೇಜ್ ಮಾಡಿದ ನನ್ನಂಥವರು ಏನ್ಮಾಡ್ತಾರೆ? ಗಂಟೆಗಳನ್ನ ಲೆಕ್ಕದಿಂದ ತೆಗೆದುಬಿಡ್ತಾರೆ. ದಾರ ಇಷ್ಟಾಯ್ತು, ಮೇಲೆ ಇನ್ನೂರು ಸೇರಿಸು, 'ಹ್ಯಾಂಡ್‌ಮೇಡ್ ವಿತ್ ಲವ್' ಅಂತ ಚೀಟಿ ಅಂಟಿಸು. ಸಂಬಳ ಬೇರೆ ಕಡೆಯಿಂದ ಬರ್ತಿದೆಯಲ್ಲ, ನಷ್ಟ ಇಲ್ಲ. ನಷ್ಟ ಇದೆ. ಅದು ಬೀಳೋದು ಇನ್ನೊಬ್ಬರ ತಲೆ ಮೇಲೆ.

ಆ ಇನ್ನೊಬ್ಬರು ಯಾರು ಅಂತ ಹುಡುಕೋಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಅಮ್ಮನ, ಹೆಂಡತಿಯ, ಇಲ್ಲಾ ನಿಮ್ಮದೇ ರೇಷ್ಮೆ ಸೀರೆಯ ಸೆರಗು ನೋಡಿ. ತುದಿಯ ಬಿಡಿ ಎಳೆಗಳನ್ನ ಗಂಟು ಹಾಕಿ ಬಿಡೋದು ಹಳೇ ಕಾಲದ ಕುಚ್ಚು. ಈಗ ಮದುವೆ ಮನೆಗೆ ಹೋದ್ರೆ ಕಾಣೋದು ಕ್ರೋಶಾ ಕುಚ್ಚು: ಸೆರಗಿನ ಅಂಚಿಗೆ ಸಣ್ಣ ಕೊಕ್ಕೆಸೂಜಿ ಚುಚ್ಚಿ, ರೇಷ್ಮೆ ದಾರದಲ್ಲಿ ಸರಪಳಿ ಹೆಣೆದು, ಮಣಿ ಪೋಣಿಸಿ, ಕೆಳಗೆ ಗೊಂಡೆ ಬಿಟ್ಟಿರ್ತಾರೆ. ನಾನು ಕಾಲುಚೀಲಕ್ಕೆ ಹಾಕೋ ಕುಣಿಕೆಯೇ ಅದು, ಸೂಜಿ ಇನ್ನೂ ಸಣ್ಣದು ಅಷ್ಟೆ. ಕರ್ನಾಟಕದ ಯಾವ ಊರಿಗೆ ಹೋದ್ರೂ ಈ ಕೆಲಸ ಮಾಡೋ ಹೆಂಗಸರಿದ್ದಾರೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಶುರು, ಕಣ್ಣು ಉರಿ ಬಂದ ಮೇಲೆ ನಿಲ್ಲಿಸೋದು.

ನಮ್ಮ ದೊಡ್ಡಮ್ಮ ಅವರಲ್ಲಿ ಒಬ್ಬರು. ಮೂರು ಸಾಲು ಮಣಿ ಇರೋ ಒಂದು ಕುಚ್ಚಿಗೆ ಅವರಿಗೆ ಆರು ಗಂಟೆ ಬೇಕು. ಸೀರೆ ತಂದುಕೊಡೋನು ಕೊಡೋದು 250 ರೂಪಾಯಿ, ದಾರ ದೊಡ್ಡಮ್ಮಂದೇ. ಅದೇ ಸೀರೆ ಬೆಂಗಳೂರಿನ ಬೊಟೀಕಿನ ಬಿಲ್ಲಿನಲ್ಲಿ ಕುಚ್ಚಿಗೆ 900 ಅಂತ ಇರುತ್ತೆ, ನಾನೇ ನೋಡಿದ್ದೀನಿ. ಮಧ್ಯದ 650 ಎಲ್ಲೆಲ್ಲಿ ಇಳೀತು ಅನ್ನೋದು ಬೇರೆ ಕಥೆ. ಹೋದ ವರ್ಷ ದೊಡ್ಡಮ್ಮ ಮುನ್ನೂರು ಮಾಡಿಕೊಡಪ್ಪ ಅಂತ ಕೇಳಿದ್ರು. ಅವನು ಮೊಬೈಲ್ ತೆಗೆದು ತೋರಿಸಿದ: "ನೋಡಿ ಅಮ್ಮಾ, ಇಲ್ಲೊಬ್ಬರು ಇದೇ ಡಿಸೈನು ಇನ್ನೂರಕ್ಕೆ ಮಾಡಿಕೊಡ್ತಾರೆ, ಬಣ್ಣಬಣ್ಣದ ಫೋಟೋ ಬೇರೆ." ಫೋಟೋದಲ್ಲಿ ಕಾಫಿ ಮಗ್ಗು, ಪಕ್ಕದಲ್ಲೊಂದು ಗಿಡ, ಮೇಲೆ 'ವೀಕೆಂಡ್ ಹಾಬಿ' ಅಂತ ಬರಹ. ದೊಡ್ಡಮ್ಮ 250ಕ್ಕೇ ಒಪ್ಪಿಕೊಂಡ್ರು.

ಆ ಇನ್ನೂರು ರೂಪಾಯಿಯೋರು ಕೆಟ್ಟವರಲ್ಲ ಕಣ್ರೀ. ಶನಿವಾರ ಮಧ್ಯಾಹ್ನ ಮನಸ್ಸಿಗೆ ಖುಷಿಯಾಗಿ ಕೂತು ಹೆಣೆದಿರ್ತಾರೆ. ಅವರಿಗೆ ಆ ಇನ್ನೂರು ಒಂದು ಹೊತ್ತಿನ ಪಿಜ್ಜಾದ ಅರ್ಧ. ಆದ್ರೆ ಆ ಫೋಟೋ ಈಗ ಒಂದು ರೇಟ್ ಕಾರ್ಡ್. ಅದನ್ನ ಹಿಡ್ಕೊಂಡು ಚನ್ನರಾಯಪಟ್ಟಣದಲ್ಲಿ, ಅರಕಲಗೂಡಲ್ಲಿ, ಹೊಳೆನರಸೀಪುರದಲ್ಲಿ ಚೌಕಾಸಿ ನಡೆಯುತ್ತೆ.

ಇಲ್ಲೊಂದು ತಾಂತ್ರಿಕ ವಿಷಯ ಹೇಳ್ಬೇಕು, ಯಾಕಂದ್ರೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಟ್ಟಿಂಗನ್ನ ಮೆಷೀನ್ ಮಾಡುತ್ತೆ. ನಿಮ್ಮ ಕಾಲಲ್ಲಿರೋ ಅಂಗಡಿ ಕಾಲುಚೀಲ, ಟೀ ಶರ್ಟು, ಎಲ್ಲಾ ಅದರದ್ದೇ. ಅಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ತೆರೆದಿರ್ತವೆ, ಪ್ರತಿ ಕುಣಿಕೆಗೊಂದು ಸೂಜಿ ಕೊಟ್ರೆ ಯಂತ್ರಕ್ಕೆ ಸುಲಭ. ಕ್ರೋಶಾದಲ್ಲಿ ಯಾವಾಗಲೂ ಒಂದೇ ಕುಣಿಕೆ ಜೀವಂತ. ಆಗಲೇ ಮುಗಿದಿರೋ ಹೆಣಿಗೆಯೊಳಗೆ ಎಲ್ಲಿ ಬೇಕಾದ್ರೂ ಸೂಜಿ ತೂರಿಸಿ, ದಾರ ಎಳೆದು, ಕುಣಿಕೆಯೊಳಗಿಂದ ಕುಣಿಕೆ ತೆಗೀಬೇಕು. ಇದನ್ನ ಕೈ ಮಾಡಿದ ಹಾಗೇ ಮಾಡೋ ಕಾರ್ಖಾನೆ ಯಂತ್ರ ಇವತ್ತಿಗೂ ಇಲ್ಲ. 'ಕ್ರೋಶೆ' ಅಂತ ಸಿಗೋ ಅಗ್ಗದ ಬಟ್ಟೆ ಒಂದೋ ಕ್ರೋಶಾದ ಹಾಗೆ ಕಾಣೋ ಯಂತ್ರದ ಹೆಣಿಗೆ, ಇಲ್ಲಾ ನಿಜವಾದ ಕ್ರೋಶಾ. ನಿಜವಾದದ್ದಾದ್ರೆ ಯಾರೋ ಒಬ್ಬರ ಬೆರಳು ಅಷ್ಟೂ ಗಂಟೆ ಆಡಿದೆ ಅಂತ ಅರ್ಥ. ಮಾಲಲ್ಲಿ 799ಕ್ಕೆ ನೇತಾಡೋ ಟಾಪ್ ನೋಡಿದಾಗ ಈ ಭಾಗಾಕಾರ ಒಂದು ಸಲ ಮಾಡಿ.

ಇದೇನು ಹೊಸ ರೋಗ ಅಲ್ಲ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಅಂಗಮಾರಿಗೆ ಸತ್ತು ಬರಗಾಲ ಬಂತು. ಹಾಸನದವರಿಗೆ ಅಂಗಮಾರಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಗ ಅಲ್ಲಿನ ಹೆಂಗಸರು ಹೊಟ್ಟೆಪಾಡಿಗೆ ಹಿಡಿದದ್ದು ಕ್ರೋಶಾ ಸೂಜಿ. ಆಂಧ್ರದ ನರಸಾಪುರಕ್ಕೆ (ನಮ್ಮ ಕೋಲಾರದ್ದಲ್ಲ, ಗೋದಾವರಿ ತೀರದ್ದು) ಅದೇ ಶತಮಾನದಲ್ಲಿ ಮಿಷನರಿಗಳು ಈ ವಿದ್ಯೆ ತಂದ್ರು. ಇವತ್ತಿಗೂ ಅಲ್ಲಿ ಸಾವಿರಾರು ಮನೆಗಳಲ್ಲಿ ಲೇಸು ಹೆಣೀತಾರೆ, 2024ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ತು. ಮರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದ್ರು. ಅವರ ಮುಖ್ಯ ಮಾತು ಇದು: ರಫ್ತಿಗೆ ಹೋಗೋ ಮಾಲನ್ನ ದಿನವಿಡೀ ತಯಾರಿಸ್ತಿದ್ದ ಈ ಹೆಂಗಸರನ್ನ ಎಲ್ಲರೂ 'ಗೃಹಿಣಿ' ಅಂತಲೇ ಕರೀತಿದ್ರು, ಅವರ ಕೆಲಸಕ್ಕೆ 'ಬಿಡುವಿನ ವೇಳೆಯ ಚಟುವಟಿಕೆ' ಅಂತ ಹೆಸರಿಟ್ಟಿದ್ರು. ಬಿಡುವಿನ ಕೆಲಸಕ್ಕೆ ಕೂಲಿ ಯಾಕೆ ಜಾಸ್ತಿ ಕೊಡ್ಬೇಕು? ಲಾಭ ಹುಟ್ಟಿದ್ದೇ ಆ ಹೆಸರಿನಿಂದ.

ನಮ್ಮೂರಲ್ಲಿ ಆ ಹೆಸರು 'ಟೈಮ್‌ಪಾಸ್'. ದೊಡ್ಡಮ್ಮನ್ನ ಏನ್ಮಾಡ್ತಿದ್ದೀರಾ ಅಂತ ಕೇಳಿ, "ಸುಮ್ನೆ ಕೂತಿದ್ದೆ, ಕುಚ್ಚು ಹಾಕ್ತಿದ್ದೆ" ಅಂತಾರೆ. ಆರು ಗಂಟೆ ಬಗ್ಗಿ ಕೂತು ಕತ್ತು ಹಿಡ್ಕೊಂಡಿರುತ್ತೆ, ಆದ್ರೂ ಅದು ಸುಮ್ನೆ. ಅದೇ ಸೂಜಿ ನಾನು ಹಿಡಿದ್ರೆ ನಮ್ಮ ಮ್ಯಾನೇಜರು "ವಾವ್, ಸೋ ಕ್ರಿಯೇಟಿವ್" ಅಂದ್ರು, ಆಫೀಸಿನ ನ್ಯೂಸ್‌ಲೆಟರಲ್ಲಿ ಫೋಟೋ ಹಾಕಿಸಿದ್ರು. ಬೇಲೂರಿನ ಕಲ್ಲಿನ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನ ಕೆತ್ತಿಕೊಂಡು ಒಂಬೈನೂರು ವರ್ಷ ಆಗ್ತಾ ಬಂತು. ಅದೇ ಜಿಲ್ಲೆಯಲ್ಲಿ ಸೆರಗು ಕೆತ್ತೋರ ಹೆಸರು ಬಿಲ್ಲಿನಲ್ಲೂ ಇರಲ್ಲ.

ಇನ್ನು ಫೆಲ್ಟ್ ಬ್ಯಾಗಿನ ವಿಚಾರ. ಕ್ರೋಶಾದಲ್ಲಿ ನನಗೆ ಅತಿ ಹೆಚ್ಚು ಮಜಾ ಕೊಡೋದು ಇದು, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ. ದಪ್ಪ ಉಣ್ಣೆಯಲ್ಲಿ ದಪ್ಪ ಸೂಜಿ ಹಾಕಿ ಬೇಕಂತಲೇ ಸಡಿಲವಾಗಿ, ದೊಗಲೆಯಾಗಿ, ಗೋಣಿಚೀಲದಷ್ಟು ದೊಡ್ಡ ಬ್ಯಾಗು ಹೆಣೀಬೇಕು. ಆಮೇಲೆ ದಿಂಬಿನ ಕವರಿನೊಳಗೆ ಕಟ್ಟಿ, ಒಂದು ಹಳೇ ಜೀನ್ಸ್ ಜೊತೆಗೆ ವಾಷಿಂಗ್ ಮೆಷೀನಿಗೆ ಹಾಕಿ 60 ಡಿಗ್ರಿ ಬಿಸಿನೀರು, ಸೋಪು. ಉಣ್ಣೆಯ ಎಳೆ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರ್ತವೆ. ಬಿಸಿಗೆ ಅವು ಬಿರಿದು, ಉಜ್ಜಾಟಕ್ಕೆ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸೋಕೆ ಬರಲ್ಲ. ಹೊರಗೆ ತೆಗೆದ್ರೆ ಬ್ಯಾಗು ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕುಗ್ಗಿ, ಕುಣಿಕೆಗಳೆಲ್ಲ ಮಾಯವಾಗಿ ಗಟ್ಟಿ ಬಟ್ಟೆ ಆಗಿರುತ್ತೆ. ಲ್ಯಾಪ್‌ಟಾಪ್ ಇಟ್ಟರೂ ತಡೆಯುತ್ತೆ. ನಮ್ಮ ಅಂಗಡಿಗಳಲ್ಲಿ 'ಉಲ್ಲನ್' ಅಂತ ಮಾರೋದು ಬಹುಪಾಲು ಅಕ್ರಿಲಿಕ್. ಅದಕ್ಕೆ ಹುರುಪೆ ಇಲ್ಲ, ಎಷ್ಟು ಕುದಿಸಿದ್ರೂ ಹಾಗೇ ಇರುತ್ತೆ.

ಬೆಂಗಳೂರಲ್ಲಿ ಇದನ್ನ ಕಲಿಸೋ ವರ್ಕ್‌ಶಾಪಿಗೆ ನಾನು ಒಮ್ಮೆ ಹೋಗಿದ್ದೆ. 2,500 ರೂಪಾಯಿ ಫೀಸು, ಆಸ್ಟ್ರೇಲಿಯಾದ ಮೆರಿನೋ ಉಣ್ಣೆ, 'ಸ್ಕ್ಯಾಂಡಿನೇವಿಯನ್ ಟೆಕ್ನಿಕ್' ಅಂತ ಪರಿಚಯ. ನನಗೆ ಕಣ್ಣ ಮುಂದೆ ಬಂದದ್ದು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ಹೊಲಕ್ಕೆ ಹೋಗ್ತಿದ್ದ ತಾತ. ಕುರುಬರ ಮನೆಗಳಲ್ಲಿ ಕುರಿ ಕತ್ತರಿಸಿ, ಹೆಂಗಸರು ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಸರಿ ಹಚ್ಚಿದ ಕಂಬಳಿ. ನೆನೆದು, ಉಜ್ಜಿ, ಬಳಸಿ ಬಳಸಿ ಎಳೆ ಎಳೆ ಕೂಡಿ ನೀರು ಒಳಗೆ ಬಿಡದ ಹಾಗೆ ಗಟ್ಟಿಯಾಗಿರ್ತಿತ್ತು. ಅದೂ ಫೆಲ್ಟಿಂಗೇ ತಾನೆ. 'ಹಾಸನ' ಅನ್ನೋ ಹೆಸರಿನದೇ ಒಂದು ಕುರಿ ತಳಿ ಇದೆ, ಸರ್ಕಾರಿ ಪಟ್ಟಿಯಲ್ಲೇ ಇದೆ. ಅದರ ಉಣ್ಣೆ ಒರಟು, ಕಾಲುಚೀಲ ಮಾಡಿದ್ರೆ ಚುಚ್ಚುತ್ತೆ, ನಿಜ. ಬ್ಯಾಗಿಗೆ ಚರ್ಮ ಇಲ್ಲವಲ್ಲ. ವರ್ಕ್‌ಶಾಪಿನ ಫೀಸನ್ನ ಸ್ಕ್ಯಾನ್ ಮಾಡಿ ಪಟ್ ಅಂತ ಕಟ್ಟಿದ ಅದೇ ಜನ ಕಂಬಳಿ ಮಾರೋನ ಹತ್ತಿರ ಐವತ್ತು ರೂಪಾಯಿಗೆ ಹತ್ತು ನಿಮಿಷ ಜಗಳ ಆಡೋದನ್ನೂ ನೋಡಿದ್ದೀನಿ. ಕಲಿಸೋರ ಗಂಟೆಗೆ ಬೆಲೆ ಇದೆ, ಮಾಡೋರ ಗಂಟೆಗೆ ಇಲ್ಲ.

ಹಾಗಾಗಿ ಸಂಬಳ ಇರೋ ನನ್ನಂಥ ಹವ್ಯಾಸಿಗಳಿಗೆ ನಾನು ಹೇಳೋದು ಇಷ್ಟೇ: ಒಂದೋ ಪುಕ್ಕಟೆ ಕೊಡಿ, ಇಲ್ಲಾ ಗಂಟೆ ಹಾಕಿ ಪೂರ್ತಿ ಇಸ್ಕೊಳ್ಳಿ. ನಡುವಿನ ರೇಟು ಬೇಡ. ನಾನು ಹೆಣೆದ ಕಾಲುಚೀಲ ತಂಗಿಗೆ, ಸ್ನೇಹಿತರಿಗೆ, ಅವರ ಕೂಸುಗಳಿಗೆ ಹೋಗುತ್ತೆ. ಕೊಟ್ಟದ್ದಕ್ಕೆ ಯಾರೂ ಚೌಕಾಸಿ ಮಾಡಲ್ಲ, ಅದನ್ನ ತೋರಿಸಿ ಇನ್ನೊಬ್ಬರ ಕೂಲಿ ಇಳಿಸೋಕೂ ಆಗಲ್ಲ. ನಮ್ಮ ಲೋಕದಲ್ಲೇ ನೋಡಿ: ಓಪನ್ ಸೋರ್ಸ್ ಕೋಡ್ ಪುಕ್ಕಟೆ ಕೊಡ್ತೀವಿ, ಹೆಮ್ಮೆಯಿಂದ ಕೊಡ್ತೀವಿ. ಆದ್ರೆ ಯಾರಾದ್ರೂ "ನನಗೆ ಕೋಡಿಂಗ್ ಅಂದ್ರೆ ಖುಷಿ, ಎರಡು ಸಾವಿರಕ್ಕೆ ನಿಮ್ಮ ಕಂಪನಿಯ ಆಪ್ ಬರೆದುಕೊಡ್ತೀನಿ" ಅಂತ ಬಂದ್ರೆ ನಾವೆಲ್ಲ ಏನಂತೀವಿ? ಮಾರ್ಕೆಟ್ ಹಾಳು ಮಾಡ್ತಿದ್ದಾನೆ ಅಂತ ಗ್ರೂಪಲ್ಲಿ ಬೈತೀವಿ. ನಮ್ಮ ರೇಟಿನ ಬಗ್ಗೆ ಇರೋ ಎಚ್ಚರ ಕುಚ್ಚಿನ ರೇಟಿನ ಬಗ್ಗೆ ಯಾಕಿಲ್ಲ?

"ಖುಷಿಗೋಸ್ಕರ ಮಾಡೋದು, ಖುಷಿಯೇ ಕೂಲಿ" ಅಂತಾರೆ ಕೆಲವರು. ಖುಷಿ ನಿಮ್ಮದು, ಇಟ್ಕೊಳ್ಳಿ. ರೇಟು ಮಾತ್ರ ನಿಮ್ಮ ಮನೇಲಿ ಉಳಿಯಲ್ಲ, ಅದು ಫೋನಿಂದ ಫೋನಿಗೆ ಹೋಗುತ್ತೆ. "ಬೆಲೆ ಏರಿಸಿದ್ರೆ ಬಡ ಹೆಂಗಸರಿಗೇ ಕೆಲಸ ಸಿಗಲ್ಲ" ಅಂತ ಅರ್ಥಶಾಸ್ತ್ರ ಓದಿದ ಒಬ್ಬ ಗೆಳೆಯ ವಾದ ಮಾಡಿದ. 250ರ ಜಾಗದಲ್ಲಿ 400 ಕೊಟ್ರೆ 40,000 ರೂಪಾಯಿ ಕಾಂಜೀವರಂ ಸೀರೆ ಉಡೋರು ಕುಚ್ಚು ಬಿಟ್ಟುಬಿಡ್ತಾರಾ? ಮೊದಲ ಸಲ ಕೈಯಲ್ಲಿ ನಾಲ್ಕು ಕಾಸು ನೋಡ್ತಿರೋ ಗೃಹಿಣಿ ಕಡಿಮೆ ರೇಟಿಗೆ ಒಪ್ಪೋದು ಬೇರೆ ವಿಷಯ, ಅವರಿಗೆ ನಾನು ಏನೂ ಹೇಳ್ತಿಲ್ಲ. ಅವರಿಗೆ ಬೇಕಾಗಿರೋದು ಕಾನೂನು. ಬೀಡಿ ಕಟ್ಟೋ ಹೆಂಗಸರು ಮನೇಲೇ ಕೂತು ಕಟ್ಟಿದ್ರೂ ಕಾರ್ಮಿಕರೇ ಅಂತ ಒಪ್ಪೋ ಕಾನೂನು 1966ರಲ್ಲೇ ಬಂತು, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಗೊತ್ತುಮಾಡ್ತಾರೆ. ಮನೆಯಿಂದ ಕೆಲಸ ಮಾಡೋ ಕಾರ್ಮಿಕರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ತಂತು, ಭಾರತ ಅದಕ್ಕೆ ಸಹಿ ಹಾಕಿಲ್ಲ. ನಮಗೆ ಮಾತ್ರ 'ವರ್ಕ್ ಫ್ರಮ್ ಹೋಮ್' ಅಂದ್ರೆ ಲ್ಯಾಪ್‌ಟಾಪು, ಇಂಟರ್‌ನೆಟ್ ಭತ್ಯೆ.

ಮುಂದಿನ ಮದುವೆ ಸೀಸನ್ನಿಗೆ ಸೀರೆ ಕೊಡುವಾಗ ಬೊಟೀಕಲ್ಲಿ ಒಂದು ಮಾತು ಕೇಳಿ ನೋಡಿ: "ಕುಚ್ಚು ಹಾಕೋರಿಗೆ ಇದರಲ್ಲಿ ಎಷ್ಟು ಸಿಗುತ್ತೆ?" ಹೇಳಲ್ಲ. ನಂಬರ್ ಕೇಳಿದ್ರೂ ಕೊಡಲ್ಲ. ಆದ್ರೆ ನಿಮ್ಮ ಬೀದಿಯಲ್ಲೇ ಯಾವುದೋ ಗೇಟಿಗೆ 'ಇಲ್ಲಿ ಸೀರೆಗೆ ಕುಚ್ಚು ಹಾಕಿಕೊಡಲಾಗುವುದು' ಅಂತ ರಟ್ಟಿನ ಬೋರ್ಡು ಕಟ್ಟಿರ್ತಾರೆ, ಕೆಳಗೆ ಮೊಬೈಲ್ ನಂಬರು. ಅಲ್ಲಿಗೆ ಹೋಗಿ. ಅವರು ಮುನ್ನೂರು ಅಂತಾರೆ. ಎಷ್ಟು ಗಂಟೆ ಹಿಡಿಯುತ್ತಮ್ಮಾ ಅಂತ ಕೇಳಿ, ಅಲ್ಲೇ ಗುಣಿಸಿ, ಬಂದಷ್ಟು ಕೊಟ್ಟು ಬನ್ನಿ.