ಹೊಗೆಗೂ ನೈತಿಕತೆಗೂ ಸಂಬಂಧವಿಲ್ಲವೇ?

ಹವಾಮಾನ ಬದಲಾವಣೆಯು ನೈತಿಕ ಪ್ರಶ್ನೆಯೇ? ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತ ನಾಯಕರನ್ನು ಇಬ್ಭಾಗಿಸಿದ ವಿಷಯವಿದು. ಇದಕ್ಕೆ ಮನುಷ್ಯನೇ ಕಾರಣ, ಅತಿ ಹೆಚ್ಚು ನರಳುವವರು ಬಡವರು ಎಂದು 2006ರ ಫೆಬ್ರವರಿಯಲ್ಲಿ ರಿಕ್ ವಾರನ್ ಸಹಿತ 86 ಮಂದಿ ನಾಯಕರು ಸಾರಿದರು. 2007ರ ಮಾರ್ಚ್‌ನಲ್ಲಿ ಜೇಮ್ಸ್ ಡಾಬ್ಸನ್ ಮತ್ತಿತರರು ಇವಾಂಜೆಲಿಕಲರ ರಾಷ್ಟ್ರೀಯ ಸಂಘಕ್ಕೆ ಪತ್ರ ಬರೆದರು. ಸಂಘದ ಉಪಾಧ್ಯಕ್ಷ ರಿಚರ್ಡ್ ಸೈಝಿಕ್‌ರ ಹವಾಮಾನ ಪ್ರಚಾರವು ಗರ್ಭಪಾತ, ವಿವಾಹದಂತಹ ಮಹತ್ವದ ನೈತಿಕ ವಿಷಯಗಳಿಂದ ಜನರ ಗಮನವನ್ನು ಬೇರೆಡೆಗೆ ಸೆಳೆಯುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಸಂಘವು ಮಣಿಯಲಿಲ್ಲ.

ಕುಟುಂಬದ ಪಾವಿತ್ರ್ಯದ ಕುರಿತಾದ ಕಳಕಳಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೈತಿಕತೆಯು ಮನೆಯ ಹೊಸ್ತಿಲಲ್ಲೇ ಮುಗಿದುಹೋಗುವುದೇ? ಬಾಂಗ್ಲಾದೇಶದ ಕರಾವಳಿಯಲ್ಲಿ ಗದ್ದೆಗೆ ಉಪ್ಪುನೀರು ನುಗ್ಗಿದಾಗ ರೈತನೊಬ್ಬ ಊರು ಬಿಡುತ್ತಾನೆ; ಅಲ್ಲಿ ಒಡೆಯುವುದೂ ಕುಟುಂಬವೇ. ವಾತಾವರಣವನ್ನು ಬಿಸಿಯಾಗಿಸಿದ ಹೊಗೆಯಲ್ಲಿ ಅವನ ಪಾಲು ಅತ್ಯಲ್ಪ. ಇಂಧನಕ್ಕೆ ಕಡಿವಾಣ ಹಾಕಿದರೆ ಬಡವರಿಗೇ ಹೊಡೆತ ಎಂಬ ವಾದವೂ ಇದೆ. ಹಾಗಾದರೆ ಕಡಿವಾಣವು ಶ್ರೀಮಂತರ ಭೋಗದಿಂದಲೇ ಆರಂಭವಾಗಲಿ.

ಒಬ್ಬರ ಸುಖದ ಬೆಲೆಯನ್ನು ಇನ್ನೊಬ್ಬರು ತೆರುವುದು ಅನ್ಯಾಯ. ಸಭಿಕರು ಮಾಡದ ಪಾಪಗಳನ್ನು ಖಂಡಿಸುವುದು ಸುಲಭ. ಅವರ ಸುಖವನ್ನೇ ಪ್ರಶ್ನಿಸುವಲ್ಲಿ ಧರ್ಮನಾಯಕನ ನಿಜವಾದ ಪರೀಕ್ಷೆ ಅಡಗಿದೆ.